ಏಳನೇ ಕ್ಲಾಸಿನ ನಂತರ ಹುಡುಗಿಯರು ಕೊಳ ಬಿಡುವುದೇಕೆ?

ಏಪ್ರಿಲ್ ಮೊದಲ ವಾರ ಯಾವ ಊರಿನ ಈಜುಕೊಳದ ಮುಂದೆ ಹೋಗಿ ನಿಂತರೂ ಬೇಸಿಗೆ ಶಿಬಿರಕ್ಕೆ ಹೆಸರು ಬರೆಸುವವರ ಸಾಲು ಕಾಣುತ್ತದೆ. ಎಂಟು, ಒಂಬತ್ತು ವರ್ಷದವರಲ್ಲಿ ಹುಡುಗರೆಷ್ಟೋ ಹುಡುಗಿಯರೂ ಹೆಚ್ಚುಕಡಿಮೆ ಅಷ್ಟೇ. ಆರನೇ ಕ್ಲಾಸಿನವರೆಗೂ ಈ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸುತ್ತಾರೆ. ಹೈಸ್ಕೂಲಿಗೆ ಬಂದ ಮೇಲೆ ಉಳಿಯುವವರು ಬೆರಳೆಣಿಕೆಯಷ್ಟು ಮಂದಿ. ಹಾಗೆ ಬಿಟ್ಟವರಲ್ಲಿ ಕೊಳದ ಈ ತುದಿಯಿಂದ ಆ ತುದಿಗೆ ಉಸಿರು ಕಟ್ಟದೆ ಹೋಗಿ ಬರುವವರಿರುತ್ತಾರೆ, ಜಿಲ್ಲಾ ಮಟ್ಟದಲ್ಲಿ ಪದಕ ತರಬಲ್ಲವರಿರುತ್ತಾರೆ.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲಿನ ದೈಹಿಕ ಶಿಕ್ಷಕಿಯಾಗಿದ್ದವಳು. ನಿವೃತ್ತಿಯಾದ ಮೇಲೆ ಹೆಂಗಸರ ಬ್ಯಾಚಿಗೆ ಈಜು ಹೇಳಿಕೊಡುತ್ತೇನೆ. ಬಿಟ್ಟುಹೋದ ಹುಡುಗಿಯರ ಮನೆಗೆ ಹೋಗಿ ಯಾಕೆ ಬರುತ್ತಿಲ್ಲ ಎಂದು ಕೇಳುವುದು ನನ್ನ ಅಭ್ಯಾಸ. ಮೊದಲು ಸಿಗುವ ಉತ್ತರ ಟ್ಯೂಷನ್ನು, ಪರೀಕ್ಷೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ಕೂದಲು ಉದುರುತ್ತದೆ, ಬಣ್ಣ ಕಪ್ಪಾಗುತ್ತದೆ ಎನ್ನುವುದು. ಕಾಫಿ ಕುಡಿದ ಲೋಟ ಒಳಗಿಡಲು ಎದ್ದ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ನಿಜ ಹೇಳುತ್ತಾರೆ: "ಇವಳು ದೊಡ್ಡವಳಾದ್ಲಲ್ಲ ಮೇಡಂ, ಆ ಡ್ರೆಸ್ಸಲ್ಲಿ ಇನ್ನು ಚೆನ್ನಾಗಿರಲ್ಲ ಅಂತಾರೆ ಇವರಪ್ಪ."

ಆ ಡ್ರೆಸ್ಸಿನ ಬಗ್ಗೆಯೇ ಮಾತಾಡೋಣ. ಅಂಗಡಿಯವರು, ಮಕ್ಕಳು ಎಲ್ಲರೂ ಕಾಸ್ಟ್ಯೂಮ್ ಎನ್ನುವ ಈ ಉಡುಪು ಒಂದು ಸಲಕರಣೆ. ವಿಕೆಟ್ ಕೀಪರನ ಗ್ಲೌಸಿಗೆ, ಓಟಗಾರ್ತಿಯ ಶೂಗೆ ಯಾವ ಸ್ಥಾನವೋ ಇದಕ್ಕೂ ಅದೇ ಸ್ಥಾನ. ಯಾವ ಬಟ್ಟೆಯದಾಗಿರಬೇಕು ಎನ್ನುವುದನ್ನು ನೀರು ಹೇಳುತ್ತದೆ. ಎಷ್ಟುದ್ದ ಇರಬೇಕು ಎನ್ನುವುದನ್ನು ನೀರಿಗಿಳಿಯುವವಳು ಹೇಳಬೇಕು. ಮೂರನೆಯವರು ಬಂದು ಇದರಲ್ಲಿ ಬಾಯಿ ಹಾಕಿದಾಗಲೆಲ್ಲ, ಅವರು ಮುಚ್ಚು ಎನ್ನಲಿ, ತೆಗೆ ಎನ್ನಲಿ, ಒಬ್ಬ ಹುಡುಗಿ ದಡದಲ್ಲೇ ಉಳಿದಿದ್ದಾಳೆ.

ಮೊದಲು ನಮ್ಮ ಸೀಮೆಯ ಮಾತು. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಎಳ್ಳಮಾವಾಸ್ಯೆಗೆ ಅಲ್ಲಿ ತುಂಗೆಯ ರಾಮಕುಂಡದಲ್ಲಿ ಮುಳುಗೇಳಲು ಜನ ಸೇರುತ್ತಾರೆ. ಚಳಿಗಾಲದ ಬೆಳಗಿನಲ್ಲಿ ಅಜ್ಜಿಯರು, ಬಸುರಿಯರು, ಹರೆಯದ ಹುಡುಗಿಯರು ಉಟ್ಟ ಸೀರೆಯಲ್ಲೇ, ಹಾಕಿದ ಚೂಡಿದಾರದಲ್ಲೇ ಮುಳುಗಿ, ಮೈಗಂಟಿದ ಒದ್ದೆ ಬಟ್ಟೆಯಲ್ಲಿ ಕಲ್ಲಿನ ಮೇಲೆ ಹೆಜ್ಜೆಯಿಟ್ಟು ಬರುತ್ತಾರೆ. ಸುತ್ತ ಗಂಡಸರಿರುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿಯಲೂಬಾರದು. ಹಾಗಾದರೆ ಹೆಣ್ಣುಮಗಳು ನಾಲ್ಕು ಜನರ ಮುಂದೆ ನೀರಿಗಿಳಿಯುವುದು ನಮಗೆ ಹೊಸದೇನೂ ಅಲ್ಲ. ಒದ್ದೆಯಾದ ಮೈಯೂ ಹೊಸದಲ್ಲ. ಪುಣ್ಯಕ್ಕಾಗಿ ನೆಂದರೆ ಯಾರೂ ಅಡ್ಡಿ ಹೇಳುವುದಿಲ್ಲ. ತನ್ನ ಖುಷಿಗೆ, ತನ್ನ ತೋಳಿನ ಬಲಕ್ಕೆ, ಒಂದು ಪದಕಕ್ಕಾಗಿ ನೆಂದರೆ ಮಾತು ಬರುತ್ತದೆ. ಇದು ನನ್ನನ್ನು ಬಹಳ ಕಾಡಿದ ವಿಷಯ. ಈ ವ್ಯತ್ಯಾಸವನ್ನು ತಂದೆಯಂದಿರ ಮುಂದಿಟ್ಟಾಗ ಹಲವರು ಸುಮ್ಮನಾಗಿದ್ದಾರೆ; ಕೆಲವರು ಮಾರನೆಯ ದಿನವೇ ಮಗಳನ್ನು ಬೈಕಿನಲ್ಲಿ ಕರೆತಂದಿದ್ದಾರೆ.

ಇನ್ನೊಂದು ವಿಷಯವನ್ನು ತಾಯಂದಿರಿಗೆ ಹೇಳುತ್ತೇನೆ. ತೆಳು ಹತ್ತಿ ಸೀರೆಯಾಗಲಿ ಚೂಡಿದಾರವಾಗಲಿ ನೆಂದ ಮೇಲೆ ಪಾರದರ್ಶಕವಾಗುತ್ತದೆ. ಸರಿಯಾದ ಈಜುಡುಗೆ ಆಗುವುದಿಲ್ಲ. ಒಳಗೆ ಅಸ್ತರಿ ಇರುತ್ತದೆ, ಬಟ್ಟೆ ದಪ್ಪ ಹೆಣಿಗೆಯದು, ನೀರೊಳಗೆ ಮೇಲೇಳುವುದಿಲ್ಲ, ಪಕ್ಕಕ್ಕೆ ಸರಿಯುವುದಿಲ್ಲ. ಮಾನ ಮುಚ್ಚುವ ಲೆಕ್ಕದಲ್ಲಿ ನೋಡಿದರೂ ಕಾಸ್ಟ್ಯೂಮೇ ಮೇಲು.

ನಮ್ಮ ಹಳ್ಳಿಯಲ್ಲಿ ಗಂಡುಹುಡುಗರು ಈಜು ಕಲಿಯುತ್ತಿದ್ದದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ದೊಡ್ಡವರು ನೂಕಿಬಿಡುತ್ತಿದ್ದರು. ಚಡ್ಡಿಯೊಂದೇ ಅವರ ಈಜುಡುಗೆ. ನಾವು ಹುಡುಗಿಯರು ಮೇಲೆ ಕೂತು ಅವರ ಅಂಗಿಗಳನ್ನು ಕಾಯುತ್ತಿದ್ದೆವು. ಆದರೆ ನನ್ನ ಸೋದರತ್ತೆಗೆ ಈಜು ಬರುತ್ತಿತ್ತು. ಹೊಳೆಯಾಚೆ ಗದ್ದೆಯಿದ್ದ ಮನೆಗೆ ಸೊಸೆಯಾಗಿ ಹೋಗಿದ್ದವರು ಅವರು. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ, ಬಿಗಿಯಾಗಿ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ಇಳಿದುಬಿಡುತ್ತಿದ್ದರು. ಸಡಿಲ ಬಟ್ಟೆ ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಬಿಗಿದ ಬಟ್ಟೆ ಸುತ್ತಿಕೊಳ್ಳುವುದಿಲ್ಲ ಎನ್ನುವುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ನನಗೆ ಈಜು ಕಲಿಸಿದವರೂ ಅವರೇ. ಲಂಗವನ್ನು ಅದೇ ರೀತಿ ಕಚ್ಚೆ ಕಟ್ಟಿಸಿ ಕಲಿಸಿದರು.

ಬಟ್ಟೆಯ ಗುಣವನ್ನು ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕೊಳಗಳಲ್ಲಿ ದಿನವೂ ಜಗಳ ನಡೆಯುವುದು ಅದರ ಮೇಲೆಯೇ. ಹತ್ತಿ ನೀರು ಕುಡಿಯುತ್ತದೆ, ಭಾರವಾಗುತ್ತದೆ. ಜೋಲುವ ತೋಳಿನೊಳಗೆ, ಟಾಪಿನ ಕೆಳಗೆ ನೀರು ಚೀಲದಂತೆ ತುಂಬಿ ಹಿಂದಕ್ಕೆ ಎಳೆಯುತ್ತದೆ. ಹೊಸದಾಗಿ ಕಲಿಯುವವಳಿಗೆ ತನ್ನ ಮೈ ತೇಲುತ್ತದೆ ಎನ್ನುವ ಧೈರ್ಯವೇ ಬರುವುದಿಲ್ಲ. ನಿಜಕ್ಕೂ ಅವಳನ್ನು ಮುಳುಗಿಸುತ್ತಿರುವುದು ದುಪಟ್ಟಾ. ಹತ್ತಿಯ ನೂಲು, ನಾರು ಬಿಟ್ಟುಕೊಂಡು ಕೊಳದ ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತವೆ, ಬಣ್ಣ ಬಿಡುತ್ತದೆ. ಆದ್ದರಿಂದ ಹತ್ತಿ ಬಟ್ಟೆ ಬೇಡ ಎನ್ನುವ ಕೊಳದವರ ನಿಯಮ ಸರಿ. ನೈಲಾನ್, ಪಾಲಿಯೆಸ್ಟರ್ ಅಷ್ಟು ನೀರು ಹೀರುವುದಿಲ್ಲ. ಅವುಗಳ ಜೊತೆ ಹಿಗ್ಗುವ ಎಳೆಯೊಂದನ್ನು ಸೇರಿಸಿ ಹೆಣೆಯುತ್ತಾರೆ. ನಾವು ಲೈಕ್ರಾ ಎನ್ನುವುದು ಅದನ್ನೇ. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಆ ಎಳೆಯನ್ನು ಕಂಡುಹಿಡಿದ ಮೇಲೆ ಈಜುಡುಗೆಯ ಚರಿತ್ರೆಯೇ ಬದಲಾಯಿತು. ಅದಕ್ಕೂ ಮುಂಚೆ ಉಣ್ಣೆಯದು, ಹತ್ತಿಯದು, ರೇಷ್ಮೆಯದು. ನೆನೆದ ಉಣ್ಣೆಯನ್ನು ಮೈಮೇಲೆ ಹೊತ್ತು ಆಗಿನ ಹೆಂಗಸರು ಹೇಗೆ ಈಜಿದರೋ ಎಂದು ನನಗೆ ಇವತ್ತಿಗೂ ಆಶ್ಚರ್ಯ.

ಕ್ಲೋರಿನ್ನು ಈ ಹಿಗ್ಗುವ ಎಳೆಯನ್ನು ಮೆಲ್ಲಗೆ ತಿನ್ನುತ್ತದೆ. ಈಜಿ ಬಂದ ಕೂಡಲೇ ಕಾಸ್ಟ್ಯೂಮನ್ನು ಬರೀ ತಣ್ಣೀರಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಹರವಿ ಒಣಗಿಸಿದರೆ ಎರಡು ಬೇಸಿಗೆ ಬರುತ್ತದೆ. ಒದ್ದೆಯದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ಮರೆತರೆ ಒಂದೇ ಬೇಸಿಗೆಯಲ್ಲಿ ಜೋಲುಬೀಳುತ್ತದೆ. ಜೋಲುಬಿದ್ದ ಕಾಸ್ಟ್ಯೂಮೇ ಹುಡುಗಿಗೆ ಮುಜುಗರ ತರುವುದು. ಇಷ್ಟನ್ನು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು. ಹೆಚ್ಚಿನ ಕಡೆ ಹೇಳುವವರಿಲ್ಲ.

ನಿಯಮ ಹಳಿ ತಪ್ಪುವುದು ಬಟ್ಟೆಯಿಂದ ಉದ್ದಕ್ಕೆ ಜಾರಿದಾಗ. ಒಂದು ಕೊಳದಲ್ಲಿ ನಾನೇ ಕಂಡದ್ದು: ಮೊಣಕಾಲಿನ ಕೆಳಗಿನವರೆಗೆ ಬರುವ, ಪೂರ್ತಿ ತೋಳಿನ, ಅಪ್ಪಟ ನೈಲಾನ್ ಈಜುಡುಗೆ ತೊಟ್ಟು ಬಂದ ಹುಡುಗಿಯನ್ನು ಗೇಟಿನಲ್ಲಿದ್ದವರು "ಕಾಸ್ಟ್ಯೂಮ್ ಕಂಪಲ್ಸರಿ" ಎಂದು ವಾಪಸು ಕಳಿಸಿದರು. ಅವಳು ತೊಟ್ಟಿದ್ದೂ ಕಾಸ್ಟ್ಯೂಮೇ ಎಂದು ನಾನು ವಾದಿಸಿದೆ. ಬೋರ್ಡಿನಲ್ಲಿ ಹಾಗೆ ಬರೆದಿಲ್ಲ ಎಂದರು. ಹುಡುಗಿಯ ತಾಯಿ ಬುರ್ಖಾದಲ್ಲಿ ನಿಂತಿದ್ದರು. ಆ ಊರಿನ ಆ ಮಗುವಿಗೆ ಈಜು ಕಲಿಯಲು ಸಿಕ್ಕಿದ್ದ ಬಾಗಿಲು ಅದೊಂದೇ. ಅದೇ ಬೇಸಿಗೆಯಲ್ಲಿ ಇನ್ನೊಂದು ಕಡೆ ಬೆನ್ನು ತೆರೆದ ಮಾಮೂಲಿ ರೇಸಿಂಗ್ ಕಾಸ್ಟ್ಯೂಮ್ ತೊಟ್ಟ ಹುಡುಗಿಗೆ "ಇದು ಫ್ಯಾಮಿಲಿ ಪೂಲ್, ಸ್ಕರ್ಟ್ ಇರೋದು ಹಾಕ್ಕೊಂಡು ಬಾಮ್ಮ" ಎಂದು ಬುದ್ಧಿ ಹೇಳಿದ್ದನ್ನೂ ಕೇಳಿದೆ. ಒಬ್ಬಳದು ಹೆಚ್ಚಾಯಿತು, ಒಬ್ಬಳದು ಕಡಿಮೆಯಾಯಿತು. ಇಬ್ಬರೂ ಮನೆಗೆ ಹೋದರು. ಗೇಟಿನಲ್ಲಿ ಅಳತೆಪಟ್ಟಿ ಹಿಡಿದು ನಿಂತವರಿಗೆ ನೀರಿನ ಚಿಂತೆ ಇರಲಿಲ್ಲ.

ಈ ಅಳತೆಪಟ್ಟಿ ಹಳೆಯದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹೆಂಗಸರ ಈಜು ಸ್ಪರ್ಧೆ ನಡೆಯಿತು. ಆಸ್ಟ್ರೇಲಿಯಾದಲ್ಲಿ ಫ್ಯಾನಿ ಡ್ಯುರಾಕ್, ಮಿನಾ ವೈಲಿ ಎಂಬ ಇಬ್ಬರು ಗೆಳತಿಯರು ಆಗ ಯಾರಿಗೂ ಸಿಗದ ವೇಗದಲ್ಲಿ ಈಜುತ್ತಿದ್ದರು. ಆದರೆ ನ್ಯೂ ಸೌತ್ ವೇಲ್ಸ್‌ನ ಮಹಿಳಾ ಈಜು ಸಂಘದಲ್ಲಿ ಒಂದು ನಿಯಮವಿತ್ತು: ಗಂಡಸರು ನೋಡುವ ಜಾಗದಲ್ಲಿ ಹೆಂಗಸರು ಸ್ಪರ್ಧಿಸುವಂತಿಲ್ಲ. ಅದನ್ನು ಬಿಗಿಯಾಗಿ ಹಿಡಿದಿದ್ದ ಅಧ್ಯಕ್ಷೆ ರೋಸ್ ಸ್ಕಾಟ್ ಸಾಮಾನ್ಯ ಹೆಂಗಸಲ್ಲ. ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಹೋರಾಡಿ ಗೆದ್ದವರು. ಹೆಣ್ಣಿಗೆ ಓಟು ಬೇಕು ಎಂದವರಿಗೇ ಹೆಣ್ಣಿನ ತೆರೆದ ತೋಳು ಅಪಾಯವಾಗಿ ಕಂಡಿತು. ಜನರ ಒತ್ತಾಯ ಏರಿತು, ಸಂಘ ನಿಯಮವನ್ನು ತಿದ್ದಿತು, ರೋಸ್ ಸ್ಕಾಟ್ ರಾಜೀನಾಮೆ ಕೊಟ್ಟರು. ಡ್ಯುರಾಕ್, ವೈಲಿ ಹಡಗು ಹತ್ತಿದರು. ನೂರು ಮೀಟರ್ ಫ್ರೀಸ್ಟೈಲಿನಲ್ಲಿ ಡ್ಯುರಾಕ್ 1 ನಿಮಿಷ 22.2 ಸೆಕೆಂಡಿನಲ್ಲಿ ಚಿನ್ನ, ವೈಲಿ ಬೆಳ್ಳಿ. ನಮ್ಮವರೇ ನಮ್ಮ ಒಳಿತಿಗೆಂದು ಹಾಕುವ ಬೇಲಿ ಎಷ್ಟು ಬಲವಾದದ್ದು ಎನ್ನುವುದಕ್ಕೆ ನಾನು ಈ ಕಥೆಯನ್ನು ಶಿಕ್ಷಕಿಯರ ಸಭೆಗಳಲ್ಲಿ ಹೇಳುತ್ತೇನೆ. ನಮ್ಮ ಶಾಲೆಗಳಲ್ಲೂ ಹುಡುಗಿಯರನ್ನು ತಡೆಯುವವರಲ್ಲಿ ಒಳ್ಳೆಯ ಶಿಕ್ಷಕಿಯರೇ ಹೆಚ್ಚು.

ಇಪ್ಪತ್ತು ವರ್ಷದ ನಂತರ, 1932ರ ಲಾಸ್ ಏಂಜಲಿಸ್‌ನಲ್ಲಿ ಸಿಡ್ನಿಯ ಹದಿನಾರರ ಹುಡುಗಿ ಕ್ಲೇರ್ ಡೆನ್ನಿಸ್ ಬೆನ್ನು ತೆರೆದ ಈಜುಡುಗೆ ತೊಟ್ಟಳು. ಭುಜದ ಮೂಳೆ ಕಾಣುತ್ತದೆ ಎಂದು ಆಕ್ಷೇಪಣೆ ಸಲ್ಲಿಸಿದರು. ಅದು ತಿರಸ್ಕಾರವಾಯಿತು, ಇನ್ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕಿನ ಚಿನ್ನ ಅವಳದಾಯಿತು. ಆ ಬೆನ್ನು ತೆರೆದದ್ದು ಅಲಂಕಾರಕ್ಕಲ್ಲ. ತೋಳು ಹಿಂದಕ್ಕೆ ಸುತ್ತುವಾಗ ಬಟ್ಟೆ ಭುಜವನ್ನು ಹಿಡಿಯದಿರಲಿ ಎಂದು ಆ ಕತ್ತರಿಕೆ. ಇಂದು ನಮ್ಮ ಎಂಟು ವರ್ಷದ ಮಕ್ಕಳು ತೊಡುವುದೂ ಅದೇ ಮಾದರಿ.

ನಮ್ಮ ದೇಶದ ಹೆಂಗಸರೂ ಈ ದಾರಿಯಲ್ಲಿ ಬೇಗನೇ ನಡೆದಿದ್ದಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಬೊಂಬಾಯಿಯ ಡಾಲಿ ನಾಜಿರ್, ಕಲ್ಕತ್ತೆಯ ಆರತಿ ಸಾಹಾ ಹೋದರು. ಆಗ ಆರತಿಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಅದೇ ಆರತಿ 1959ರ ಸೆಪ್ಟೆಂಬರ್ 29ರಂದು ಇಂಗ್ಲಿಷ್ ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. ಹದಿನಾರು ಗಂಟೆಗೂ ಹೆಚ್ಚು ಹೊತ್ತು ಕೊರೆಯುವ ನೀರಿನಲ್ಲಿ. ಆ ಕಾಲುವೆಯ ಸಂಪ್ರದಾಯ ಕಟ್ಟುನಿಟ್ಟು: ಮೈ ಬೆಚ್ಚಗಿಡುವ, ತೇಲಿಸುವ ದಪ್ಪ ಉಡುಗೆ ನಡೆಯುವುದಿಲ್ಲ, ಒಂದು ಸಾದಾ ಈಜುಡುಗೆ, ಟೋಪಿ, ಮೈಗೆ ಬಳಿದ ಜಿಡ್ಡು. ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು, ಅಂಚೆಚೀಟಿ ತಂದಿತು. 1966ರಲ್ಲಿ ಶರ್ಮಿಳಾ ಟ್ಯಾಗೋರ್ ಸಿನಿಮಾ ಪತ್ರಿಕೆಯೊಂದರ ಮುಖಪುಟದಲ್ಲಿ ಬಿಕಿನಿ ತೊಟ್ಟು ಕಾಣಿಸಿಕೊಂಡಾಗ ಎದ್ದ ಗದ್ದಲವನ್ನು ನಮ್ಮ ಮನೆಯ ಹಿರಿಯರು ಬಹಳ ವರ್ಷ ನೆನೆಯುತ್ತಿದ್ದರು. ನಾನು ಬೆಳೆದದ್ದು ಈ ಎರಡನೆಯ ಸುದ್ದಿಯನ್ನು ಕೇಳಿಕೊಂಡು. ಆರತಿ ಸಾಹಾ ಹೆಸರು ನನಗೆ ಗೊತ್ತಾದದ್ದು ದೈಹಿಕ ಶಿಕ್ಷಣ ತರಬೇತಿಗೆ ಸೇರಿದ ಮೇಲೆ. ನಮ್ಮ ತಾಯಂದಿರ ಮನಸ್ಸಿನಲ್ಲಿ ಈಜುಡುಗೆ ಎಂದರೆ ಮೊದಲು ಸಿನಿಮಾದ ಚಿತ್ರ ಬರುತ್ತದೆ, ಆರತಿಯ ಚಿತ್ರ ಬರುವುದಿಲ್ಲ. ಅದನ್ನು ತಿದ್ದುವ ಕೆಲಸ ಪಠ್ಯಪುಸ್ತಕಗಳದ್ದು, ಪತ್ರಿಕೆಗಳದ್ದು.

ಚಿತ್ರಗಳಿಗೆ ನಮ್ಮಲ್ಲಿ ಕೊರತೆಯೂ ಇಲ್ಲ. ಭಾರತದ ಈಜು ಎಂದರೆ ಬಹುಪಾಲು ಬೆಂಗಳೂರಿನ ಕೊಳಗಳು. 2000ದ ಸಿಡ್ನಿಗೆ ಹೋದ ನಿಶಾ ಮಿಲೆಟ್, 2004ರ ಅಥೆನ್ಸಿಗೆ ಹೋದ ಶಿಖಾ ಟಂಡನ್ ಅಲ್ಲಿ ಬೆಳೆದವರು. 2024ರ ಪ್ಯಾರಿಸ್ಸಿನಲ್ಲಿ ಇನ್ನೂರು ಮೀಟರ್ ಫ್ರೀಸ್ಟೈಲ್ ಈಜಿದ ಧಿನಿಧಿ ದೇಸಿಂಗು ಹದಿನಾಲ್ಕರ ಹುಡುಗಿ, ಭಾರತ ತಂಡದಲ್ಲೇ ಅತಿ ಕಿರಿಯಳು. ಹದಿನಾಲ್ಕು! ನಮ್ಮ ಜಿಲ್ಲೆಗಳಲ್ಲಿ ಹುಡುಗಿಯರು ಕಾಸ್ಟ್ಯೂಮನ್ನು ಬೀರುವಿನ ಮೂಲೆಗೆ ಸೇರಿಸುವ ವಯಸ್ಸು ಅದು.

ಇನ್ನು ಆ ದೊಡ್ಡ ಸ್ಪರ್ಧೆಗಳ ಉಡುಗೆಯ ಕಥೆ. ಈಜುಡುಗೆಯ ಬಗ್ಗೆ ಜಗತ್ತಿನಲ್ಲಿ ನಡೆದ ಅತಿ ಗಂಭೀರ ಚರ್ಚೆಗೂ ಮೈ ಕಾಣುವುದಕ್ಕೂ ಸಂಬಂಧವೇ ಇರಲಿಲ್ಲ. 2008ರ ಫೆಬ್ರವರಿಯಲ್ಲಿ ಸ್ಪೀಡೊ ಕಂಪನಿ ಎಲ್‌ಜೆಡ್‌ಆರ್ ರೇಸರ್ ಎಂಬ ಉಡುಗೆ ತಂದಿತು. ಅದರ ಬಟ್ಟೆಯನ್ನು ನಾಸಾದ ಗಾಳಿಸುರಂಗದಲ್ಲಿ ಪರೀಕ್ಷಿಸಿದ್ದರು. ಹೊಲಿಗೆಯ ಬದಲು ಶಬ್ದತರಂಗದಿಂದ ಅಂಚುಗಳನ್ನು ಬೆಸೆದಿದ್ದರು, ನೀರು ಒಳಹೋಗದ ಪಾಲಿಯುರಿಥೇನ್ ಪಟ್ಟಿಗಳನ್ನು ಕೂರಿಸಿದ್ದರು. ತೊಡಲು ಇನ್ನೊಬ್ಬರ ಸಹಾಯ ಬೇಕು, ಇಪ್ಪತ್ತು ನಿಮಿಷ ಬೇಕು. ತೊಟ್ಟ ಮೇಲೆ ಅದು ಮೈಯನ್ನು ಬಿಗಿದು ನೀಳ ಮಾಡುತ್ತಿತ್ತು, ನೀರಿನ ಮೇಲ್ಮೈಗೆ ಸ್ವಲ್ಪ ಎತ್ತಿಯೂ ಹಿಡಿಯುತ್ತಿತ್ತು. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಈಜಿನಲ್ಲಿ 25 ವಿಶ್ವದಾಖಲೆಗಳು ಬಿದ್ದವು, ಅವುಗಳಲ್ಲಿ 23 ಈ ಉಡುಗೆಯವು. ಮರುವರ್ಷ ಬೇರೆ ಕಂಪನಿಗಳು ಪೂರ್ತಿ ಪಾಲಿಯುರಿಥೇನಿನದನ್ನೇ ತಂದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 43 ವಿಶ್ವದಾಖಲೆಗಳು! ಜರ್ಮನಿಯ ಪಾಲ್ ಬೀಡರ್‌ಮನ್ ನಾನೂರು ಮೀಟರಿನಲ್ಲಿ ಇಯಾನ್ ಥಾರ್ಪ್ ಅವರ ದಾಖಲೆಯನ್ನು ಸೆಕೆಂಡಿನ ನೂರನೇ ಒಂದು ಭಾಗದಿಂದ ದಾಟಿದರು, ಇನ್ನೂರು ಮೀಟರಿನಲ್ಲಿ ಮೈಕಲ್ ಫೆಲ್ಪ್ಸ್ ಅವರನ್ನು ಸೋಲಿಸಿದರು. ಉಡುಗೆಯ ಪಾಲೂ ಇದರಲ್ಲಿದೆ ಎಂದು ಬೀಡರ್‌ಮನ್ ತಾವೇ ಹೇಳಿದರು. ಆ ಮನುಷ್ಯನ ಮೇಲೆ ನನಗೆ ಅವತ್ತಿನಿಂದ ಗೌರವ.

ಅಂತರರಾಷ್ಟ್ರೀಯ ಈಜು ಒಕ್ಕೂಟ 2010ರ ಜನವರಿ 1ರಿಂದ ಇವನ್ನೆಲ್ಲ ನಿಷೇಧಿಸಿತು. ನೀರು ಹಾಯುವ ನೇಯ್ಗೆಯ ಬಟ್ಟೆಯೇ ಆಗಿರಬೇಕು, ಗಂಡಸರದು ಸೊಂಟದಿಂದ ಮೊಣಕಾಲು, ಹೆಂಗಸರದು ಭುಜದಿಂದ ಮೊಣಕಾಲು ಮೀರಬಾರದು. ನಾನೂರು ಮೀಟರಿನ ಬೀಡರ್‌ಮನ್ ದಾಖಲೆಯನ್ನು ಬಟ್ಟೆಯ ಉಡುಗೆಯಲ್ಲಿ ಒಬ್ಬರು ಮುರಿಯಲು 2025ರ ಏಪ್ರಿಲ್ ಬರಬೇಕಾಯಿತು. ಮುರಿದವರು ಅವರದೇ ದೇಶದ ಲೂಕಾಸ್ ಮೇರ್ಟೆನ್ಸ್. ಈ ನಿಷೇಧ ನ್ಯಾಯವಾದದ್ದು ಎಂದು ನಾನು ನಂಬುತ್ತೇನೆ. ಈಜುವವರ ಬದಲು ಉಡುಗೆ ಈಜತೊಡಗಿದರೆ, ಅದನ್ನು ಕೊಳ್ಳಲಾರದ ಊರಿನ ಮಕ್ಕಳು ಸ್ಪರ್ಧೆಗೆ ಮುಂಚೆಯೇ ಸೋತಿರುತ್ತಾರೆ. ಈಗಲೂ ಒಳ್ಳೆಯ ರೇಸಿಂಗ್ ಉಡುಗೆಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ಕೆಲವೇ ಸ್ಪರ್ಧೆಗಳಿಗೆ ಅದರ ಬಿಗಿ ಹೋಗುತ್ತದೆ. ರಾಜ್ಯ ಮಟ್ಟಕ್ಕೆ ಬಂದ ಮಗುವಿಗೆ ತಂದೆ ಸಾಲ ಮಾಡಿ ಕೊಡಿಸಿದ್ದನ್ನು ಬಲ್ಲೆ.

ಆದರೆ ಆ ನಿಯಮ ಹುಟ್ಟಿದ್ದು ವೇಗದ ನ್ಯಾಯಕ್ಕಾಗಿ. ಅದೇ ನಿಯಮದ ಪ್ರತಿಯನ್ನು ಹಿಡಿದುಕೊಂಡು ನಮ್ಮ ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಸ್ಪರ್ಧೆಗಳಲ್ಲಿ ಕಾಲು ಮುಚ್ಚುವ ನೈಲಾನ್ ಲೆಗ್ಗಿಂಗ್ಸ್ ತೊಟ್ಟ ಹುಡುಗಿಯನ್ನು ಹೊರಗೆ ಕೂರಿಸುವುದು ಯಾವ ನ್ಯಾಯ? ಆ ಲೆಗ್ಗಿಂಗ್ಸ್ ಅವಳಿಗೆ ವೇಗ ಕೊಡುವುದಿಲ್ಲ, ಕಿತ್ತುಕೊಳ್ಳುತ್ತದೆ. ಅಷ್ಟರ ಮೇಲೂ ಈಜುತ್ತೇನೆ ಎಂದು ಬಂದವಳನ್ನು ತಬ್ಬಿಕೊಂಡು ಲೇನಿಗೆ ಕಳಿಸಬೇಕು. ಮುಂದೆ ರಾಷ್ಟ್ರಮಟ್ಟಕ್ಕೆ ಹೋದಾಗ ಏನು ತೊಡುವುದು ಎನ್ನುವುದನ್ನು ಅವಳು, ಅವಳ ಮನೆಯವರು ಆಗ ತೀರ್ಮಾನಿಸಲಿ.

ಕಡಿಮೆ ತೊಡಿಸುವ ಒತ್ತಾಯವೂ ಇದೆ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಣ್ಣುಮಕ್ಕಳು ಬಿಕಿನಿ ತುಂಡಿನ ಬದಲು ಚಡ್ಡಿ ತೊಟ್ಟು ಆಡಿದ್ದಕ್ಕೆ ಯುರೋಪಿನ ಹ್ಯಾಂಡ್‌ಬಾಲ್ ಒಕ್ಕೂಟ ತಂಡಕ್ಕೆ 1500 ಯೂರೊ ದಂಡ ಹಾಕಿತು. ಗಂಡಸರು ಅದೇ ಮರಳಿನಲ್ಲಿ ಚಡ್ಡಿ ತೊಟ್ಟೇ ಆಡುತ್ತಿದ್ದರು. ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ ಆ ವರ್ಷದ ಕೊನೆಗೆ ನಿಯಮ ಬದಲಾಯಿತು. ಅದಕ್ಕೆ ಐದು ವರ್ಷ ಮುಂಚೆ ಫ್ರಾನ್ಸಿನ ಕಡಲತೀರದ ಹಲವು ಊರುಗಳು ಬುರ್ಕಿನಿಯನ್ನು ನಿಷೇಧಿಸಿದ್ದವು. ಸಿಡ್ನಿಯ ಅಹೇದಾ ಝನೆಟ್ಟಿ ಎಂಬ ವಿನ್ಯಾಸಕಿ ಮುಸ್ಲಿಂ ಹುಡುಗಿಯರೂ ಆಟಕ್ಕೆ, ಕಡಲಿಗೆ ಇಳಿಯಲಿ ಎಂದು ರೂಪಿಸಿದ, ತೋಳು ಕಾಲು ಮುಚ್ಚುವ ಉಡುಗೆ ಅದು. 2016ರ ಆಗಸ್ಟ್ 26ರಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ವಿಲ್ನವ್ ಲೂಬೆ ಎಂಬ ಊರಿನ ನಿಷೇಧಕ್ಕೆ ತಡೆ ಕೊಟ್ಟಿತು. ಒಂದು ಕಡೆ ಚಡ್ಡಿ ಉದ್ದವಾಯಿತೆಂದು ದಂಡ, ಇನ್ನೊಂದು ಕಡೆ ತೋಳು ಉದ್ದವಾಯಿತೆಂದು ಪೊಲೀಸ್. ನಮ್ಮಲ್ಲಿ ಎರಡೂ ಸೇರಿಕೊಂಡಿವೆ. ಮುಚ್ಚಿಕೊಂಡವಳನ್ನು ಗೇಟಿನಿಂದ ಕಳಿಸುತ್ತೇವೆ, ತೆರೆದುಕೊಂಡವಳನ್ನು ಮನೆಯಿಂದ ಬಿಡುವುದಿಲ್ಲ.

ಹುಡುಗಿಯರು ನನಗೆ ಹೇಳುವ ಇನ್ನೆರಡು ಕಾರಣಗಳನ್ನು ಬರೆಯದೆ ಬಿಡಲಾರೆ. ಒಂದು ಮೊಬೈಲು. ಕೊಳದ ಸುತ್ತ ಕೂತ ಪೋಷಕರು, ಅಣ್ಣತಮ್ಮಂದಿರು, ಕಾಯುವವರು ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ತಮ್ಮ ಮಗುವಿನ ವಿಡಿಯೊ ತೆಗೆಯುವಾಗ ಪಕ್ಕದ ಹುಡುಗಿಯೂ ಅದರಲ್ಲಿ ಬರುತ್ತಾಳೆ, ಸಂಜೆಗೆ ಅದು ಯಾರ ಸ್ಟೇಟಸ್ಸಿನಲ್ಲೋ ಇರುತ್ತದೆ. ಹದಿಮೂರರ ಹುಡುಗಿ ಇದಕ್ಕೆ ಹೆದರುವುದು ಸರಿಯಾಗಿಯೇ ಇದೆ. ಅವಳ ಕಾಸ್ಟ್ಯೂಮನ್ನು ಉದ್ದ ಮಾಡುವುದು ಇದಕ್ಕೆ ಮದ್ದಲ್ಲ, ಮೊಬೈಲನ್ನು ಗೇಟಿನಲ್ಲೇ ಇಡಿಸುವುದು ಮದ್ದು. ಇನ್ನೊಂದು ಮುಟ್ಟು. ಆ ದಿನಗಳಲ್ಲಿ ಬರದಿದ್ದರೆ ಹಾಜರಿ ಹೋಗುತ್ತದೆ, ಗಂಡು ಕೋಚ್ ಎದುರು ಕಾರಣ ಹೇಳಬೇಕಾಗುತ್ತದೆ. ನಮ್ಮ ಬ್ಯಾಚಿನಲ್ಲಿ ನಾವು ಕಾರಣ ಕೇಳುವುದಿಲ್ಲ, ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಿ ಕೊಡುತ್ತೇವೆ. ಇಷ್ಟು ಸಣ್ಣ ಬದಲಾವಣೆಗೆ ಎಷ್ಟು ಹುಡುಗಿಯರು ಉಳಿದುಕೊಂಡರು!

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈಜು ಬರೀ ಪದಕದ ವಿಷಯವಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯುತ್ತಾರೆಂದು ಸರ್ಕಾರದ ಅಪರಾಧ ದಾಖಲೆ ವಿಭಾಗವೇ ಲೆಕ್ಕ ಕೊಡುತ್ತದೆ. ನಾಲೆಯಲ್ಲಿ ಬಟ್ಟೆ ಒಗೆಯಲು ಹೋದವಳು ಜಾರುತ್ತಾಳೆ, ಅವಳನ್ನು ಹಿಡಿಯಲು ಹೋದ ತಂಗಿ ಹೋಗುತ್ತಾಳೆ, ಅವಳ ಹಿಂದೆ ಮಗು. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಬಿದ್ದವರು ಮೇಲೆ ಹತ್ತಲಾರರು. ಇಂಥ ಸುದ್ದಿ ಓದಿದಾಗಲೆಲ್ಲ ಏಳನೇ ಕ್ಲಾಸಿನಲ್ಲಿ ಬಿಟ್ಟುಹೋದ ಹುಡುಗಿಯರ ಮುಖಗಳು ಸಾಲಾಗಿ ಕಣ್ಣಿಗೆ ಬರುತ್ತವೆ.

ನೀರಿಗೆ ಬೀಳುವವರು ಕಾಸ್ಟ್ಯೂಮ್ ತೊಟ್ಟು ಬೀಳುವುದಿಲ್ಲ ಎನ್ನುವುದೂ ನಿಜ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಈಜು ಪರೀಕ್ಷೆಯ ಮೊದಲ ಹಂತದಲ್ಲೇ ದಿನನಿತ್ಯದ ಬಟ್ಟೆ ತೊಟ್ಟು ಈಜಿ ತೋರಿಸಬೇಕು. ಹೆಜ್ಜೆಗೊಂದು ಕಾಲುವೆಯಿರುವ ದೇಶ ಅದು. ನಮ್ಮ ಬ್ಯಾಚಿನಲ್ಲೂ ಕೊನೆಯ ವಾರ ಚೆನ್ನಾಗಿ ಒಗೆದ ಹಳೆಯ ಚೂಡಿದಾರ ಹಾಕಿಸಿ ಇಳಿಸುತ್ತೇನೆ. ಕೊಳದವರ ಒಪ್ಪಿಗೆ ಪಡೆದು, ಕೊಳ ತೊಳೆಯುವ ಹಿಂದಿನ ದಿನ. ದುಪಟ್ಟಾವನ್ನು ಮೊದಲು ಕತ್ತಿನಿಂದ ಬಿಡಿಸು, ಕಾಲು ಬಡಿಯಬೇಡ, ಅಂಗಾತ ತೇಲು, ಉಸಿರು ಹಿಡಿ, ಆಮೇಲೆ ದಡ ನೋಡು. ಕಾಸ್ಟ್ಯೂಮಿನಲ್ಲಿ ತೇಲುವುದನ್ನು ಕಲಿತವರಿಗೆ ಇದು ಒಂದೇ ದಿನದಲ್ಲಿ ಬರುತ್ತದೆ. ಮೊದಲ ದಿನದಿಂದಲೇ ಚೂಡಿದಾರದಲ್ಲಿ ಕಲಿಯಹೊರಟವರಿಗೆ ತೇಲುವ ಧೈರ್ಯವೇ ಬರುವುದಿಲ್ಲ. ಈಜುಡುಗೆ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಹೆಂಗಸರ ಬ್ಯಾಚಿಗೆ ನಲವತ್ತು, ಐವತ್ತು ದಾಟಿದವರೂ ಬರುತ್ತಾರೆ. ಮಂಡಿನೋವಿಗೆ ಡಾಕ್ಟರು ಹೇಳಿದರೆಂದು ಬಂದವರು, ಮಗಳು ಕಳಿಸಿದಳೆಂದು ಬಂದವರು. ಅಂಗಡಿಯಲ್ಲಿ ಅವರ ಅಳತೆಗೆ ಕಾಸ್ಟ್ಯೂಮ್ ಸಿಗುವುದೇ ಕಷ್ಟ. ನಮ್ಮೂರಿನ ಟೈಲರ್ ಒಬ್ಬರಿಗೆ ನೈಲಾನ್ ಬಟ್ಟೆ ತರಿಸಿಕೊಟ್ಟು, ಹಿಗ್ಗುವ ಹೊಲಿಗೆ ಹಾಕಿಸಿ, ಮೊಣಕಾಲಿನವರೆಗೆ ಬರುವ ಜೋಡಿ ಉಡುಪು ಹೊಲಿಸುತ್ತೇವೆ. ಮೊದಲ ದಿನ ಟವೆಲ್ ಸುತ್ತಿಕೊಂಡು ಗೋಡೆಗೆ ಆತು ನಿಂತವರು ವಾರದೊಳಗೆ ಟವೆಲನ್ನು ಎಲ್ಲಿಟ್ಟೆ ಎಂದು ಹುಡುಕುತ್ತಿರುತ್ತಾರೆ. ಸಿಸೇರಿಯನ್ ಗಾಯದ ಗುರುತು, ಜೋತ ಹೊಟ್ಟೆ, ಉಬ್ಬಿದ ನರ ಎಲ್ಲ ಅಲ್ಲಿ ಮಾಮೂಲು. ತಾಯಿ ನೀರಿಗಿಳಿದ ಮನೆಯ ಮಗಳು ಕೊಳ ಬಿಟ್ಟದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಕೊಳ ನಡೆಸುವ ಪಾಲಿಕೆಗಳಿಗೆ, ಕ್ರೀಡಾ ಇಲಾಖೆಗೆ, ಶಾಲೆಗಳಿಗೆ ನನ್ನ ಕೋರಿಕೆ ಇಷ್ಟು. ಬೋರ್ಡಿನಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿರಿ: ನೈಲಾನ್ ಅಥವಾ ಪಾಲಿಯೆಸ್ಟರ್ ಈಜು ಬಟ್ಟೆ, ಮೈಗೆ ಹೊಂದುವಂಥದ್ದು, ಉದ್ದ ನಿಮ್ಮಿಷ್ಟ. ಹತ್ತಿ ಬಟ್ಟೆ, ದುಪಟ್ಟಾ, ಪಿನ್ನು ಬೇಡ. ಶಾಲಾ ಸ್ಪರ್ಧೆಗಳ ಸುತ್ತೋಲೆಯಲ್ಲೂ ಇದೇ ಸಾಲು ಇರಲಿ. ಹೆಂಗಸರ ಬ್ಯಾಚನ್ನು ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ, ಆಗ ಹುಡುಗಿಯರು ಕ್ಲಾಸಿನಲ್ಲಿರುತ್ತಾರೆ. ಸಂಜೆ ನಾಲ್ಕೂವರೆಯಿಂದ ಒಂದು ಗಂಟೆ ಕೊಡಿ. ಆ ಹೊತ್ತಿಗೆ ಹೆಣ್ಣು ಕೋಚ್, ಹೆಣ್ಣು ಲೈಫ್‌ಗಾರ್ಡ್ ಇರಲಿ, ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇರಲಿ. ಈ ಚಿಲಕಕ್ಕಾಗಿ ನಾನು ಬರೆದ ಅರ್ಜಿಗಳು ಒಂದು ಫೈಲು ತುಂಬಿವೆ. ಕೊಳ್ಳಲಾಗದ ಮಕ್ಕಳಿಗೆ ಪ್ರತಿ ಕೊಳದಲ್ಲೂ ಬೇರೆ ಬೇರೆ ಅಳತೆಯ ಹತ್ತಿಪ್ಪತ್ತು ಹೊಸ ಕಾಸ್ಟ್ಯೂಮ್ ಇಡಿ, ಬ್ಯಾಚ್ ಮುಗಿಯುವವರೆಗೆ ಅವರ ಹೆಸರಿಗೇ ಕೊಡಿ. ಒಂದು ಈಜುಕೊಳ ಕಟ್ಟಲು ಕೋಟಿಗಳಲ್ಲಿ ಖರ್ಚು ಮಾಡುವ ಕಡೆ ಇದು ಲೆಕ್ಕಕ್ಕೇ ಬರದ ಹಣ.

ಬೇಸಿಗೆ ಶಿಬಿರದ ಅರ್ಜಿ ನಮೂನೆ ಮಾರ್ಚಿನಲ್ಲಿ ಅಚ್ಚಿಗೆ ಹೋಗುತ್ತದೆ. ನಿಯಮಗಳ ಪಟ್ಟಿ ಅದರ ಹಿಂಬದಿಯಲ್ಲಿರುತ್ತದೆ. ತಿದ್ದಲು ಹತ್ತು ನಿಮಿಷ ಸಾಕು, ಈ ಬಾರಿ ತಿದ್ದಿಯೇ ಅಚ್ಚಿಗೆ ಕಳಿಸಿ.